ಮನೆಯಲ್ಲೇ ಎರಡು ಕಿಲೋವ್ಯಾಟ್ ಇ-ಬೈಕ್ ಕಟ್ಟುವುದು ಹೇಗೆ: ಮಂಡ್ಯದ ತೋಟದಿಂದ ಒಂದು ಸಮಗ್ರ ಮಾರ್ಗದರ್ಶಿ

ನಮ್ಮ ತೋಟ ಪಾಂಡವಪುರದ ಕಡೆ, ವಿ.ಸಿ. ನಾಲೆ ನೀರು ಹರಿಯುವ ಬಯಲಲ್ಲಿದೆ. ಕೊಟ್ಟಿಗೆಯಿಂದ ಗದ್ದೆಯ ಕೊನೆಗೆ ನಾನೂರು ಮೀಟರ್. ಮಧ್ಯೆ ಒಂದು ತಗ್ಗು, ವಾಪಸ್ ಬರುವಾಗ ಅದೇ ಏರು. ದಿನಕ್ಕೆ ಎರಡು ಹೊತ್ತು ಹಸುಗಳ ಹುಲ್ಲಿನ ಹೊರೆ ಆ ಏರು ಹತ್ತಿ ಬರಬೇಕು. ಅಪ್ಪನ ಮಂಡಿ ನೋವು ಜಾಸ್ತಿಯಾದ ವರ್ಷ ನಾನು ಇ-ಬೈಕ್ ಕಟ್ಟಲು ಕೂತೆ. ಮೊದಲನೆಯದು ಕೆಟ್ಟಿತು. ಎರಡನೆಯದು ಈಗಲೂ ದಿನಾ ಓಡುತ್ತಿದೆ. ಇಲ್ಲಿ ಹೇಳುವುದು ಆ ಎರಡನೆಯದನ್ನು ಕಟ್ಟಿದ ಬಗೆ.

ಪವರ್ ಜಾಸ್ತಿ ಅಂದರೆ ಸ್ಪೀಡ್ ಜಾಸ್ತಿ ಅಂತ ಬಹಳ ಜನ ಅಂದುಕೊಳ್ಳುತ್ತಾರೆ. ನನಗೆ ಬೇಕಿದ್ದದ್ದು ಎಳೆತ. ಎರಡಕ್ಕೂ ಮೋಟಾರ್ ಬೇರೆ, ಚಕ್ರ ಬೇರೆ, ಲೆಕ್ಕವೇ ಬೇರೆ. ಯಾವುದು ಬೇಕು ಅಂತ ಮೊದಲು ತೀರ್ಮಾನ ಮಾಡಿಕೊಳ್ಳಿ. ಸುಮ್ನೆ ಸಿಕ್ಕ ಮೋಟಾರ್ ಕೊಂಡು ಆಮೇಲೆ ಉಳಿದದ್ದನ್ನೆಲ್ಲ ಅದಕ್ಕೆ ಹೊಂದಿಸಲು ಹೋದರೆ ದುಡ್ಡು ಎರಡು ಸಲ ಖರ್ಚಾಗುತ್ತದೆ. ನನಗೆ ಹಾಗೇ ಆಯಿತು.

ಕಾನೂನು ಏನು ಹೇಳುತ್ತದೆ

ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ಬ್ಯಾಟರಿ ಗಾಡಿಯ ಮೋಟಾರ್ 250 ವ್ಯಾಟ್‌ಗಿಂತ ಕಡಿಮೆ ಇರಬೇಕು. ವೇಗ ಗಂಟೆಗೆ 25 ಕಿಲೋಮೀಟರ್‌ಗಿಂತ ಕಡಿಮೆ ಇರಬೇಕು. ಬ್ಯಾಟರಿ ಬಿಟ್ಟು ಗಾಡಿಯ ತೂಕ 60 ಕಿಲೋ ದಾಟಬಾರದು. ಹೀಗಿದೆ ಅಂತ ಪರೀಕ್ಷಾ ಸಂಸ್ಥೆ ಒಪ್ಪಿದರೆ ಮಾತ್ರ ಅದನ್ನು ಮೋಟಾರು ವಾಹನ ಅಂತ ಲೆಕ್ಕ ಹಾಕುವುದಿಲ್ಲ. ಅದಕ್ಕಿಂತ ಮೇಲೆ ಹೋದರೆ ನೋಂದಣಿ, ವಿಮೆ, ಲೈಸೆನ್ಸ್ ಎಲ್ಲ ಬೇಕು. ನೋಂದಣಿ ಆಗಬೇಕಾದರೆ ಪುಣೆಯ ಎಆರ್‌ಎಐ ಥರದ ಸಂಸ್ಥೆಯಲ್ಲಿ ಆ ಮಾದರಿ ಪರೀಕ್ಷೆ ಪಾಸಾಗಿರಬೇಕು. ಮನೆಯಲ್ಲಿ ಕಟ್ಟಿದ ಒಂದು ಗಾಡಿಗೆ ಅದು ನಡೆಯುವ ಮಾತಲ್ಲ.

ಹಾಗಾಗಿ ಈ ಬೈಕ್ ನಿಮ್ಮ ಸ್ವಂತ ಜಮೀನಿನ ಒಳಗೆ ಮಾತ್ರ. ನಾಲೆ ಏರಿಯ ಮೇಲಿನ ದಾರಿಯೂ ನಮ್ಮದಲ್ಲ, ಅಲ್ಲಿ ಎಲ್ಲರೂ ಓಡಾಡುತ್ತಾರೆ. ಕಂಟ್ರೋಲರ್‌ನಲ್ಲಿ (ಬ್ಯಾಟರಿಯಿಂದ ಮೋಟಾರಿಗೆ ಎಷ್ಟು ಕರೆಂಟ್ ಹೋಗಬೇಕು ಅಂತ ನಿಯಂತ್ರಿಸುವ ಸಾಧನ) ವೇಗ ಇಳಿಸಿಬಿಟ್ಟರೆ ರಸ್ತೆಗೆ ತರಬಹುದು ಅನ್ನುವವರಿದ್ದಾರೆ. ಅದು ತಪ್ಪು. ಮೋಟಾರಿನ ಶಕ್ತಿಗೂ ಮಿತಿ ಇದೆ. ರಸ್ತೆಗೇ ಬೇಕು ಅನ್ನುವವರು ಪರೀಕ್ಷೆ ಪಾಸಾದ 250 ವ್ಯಾಟ್ ಒಳಗಿನದನ್ನೋ, ನಂಬರ್ ಪ್ಲೇಟ್ ಇರುವ ಗಾಡಿಯನ್ನೋ ಕೊಳ್ಳಿ.

ಲೆಕ್ಕ: ಏರಿಗೆ ಎಷ್ಟು ಬೇಕು

ನನ್ನ ತೂಕ 70, ಬೈಕ್ 60, ಹುಲ್ಲು 70. ಒಟ್ಟು 200 ಕಿಲೋ. ನಮ್ಮ ಏರು ಹತ್ತು ಮೀಟರಿಗೆ ಒಂದು ಮೀಟರ್ ಏರುತ್ತದೆ. 200 ಕಿಲೋವನ್ನು ಆ ಏರಿನಲ್ಲಿ ಹಿಡಿದು ನಿಲ್ಲಿಸಲು ಸುಮಾರು 196 ನ್ಯೂಟನ್ ಬಲ ಬೇಕು. ಮಣ್ಣಿನ ದಾರಿಯ ಜಗ್ಗಾಟಕ್ಕೆ ಇನ್ನೊಂದು 78. ಒಟ್ಟು 274. ಗಂಟೆಗೆ 15 ಕಿಲೋಮೀಟರ್‌ನಲ್ಲಿ ಹತ್ತಿದರೆ ಚಕ್ರದಲ್ಲಿ ಸುಮಾರು 1,140 ವ್ಯಾಟ್ ಬೇಕು. ನಿಧಾನಕ್ಕೆ ತಿರುಗುವಾಗ ಹಬ್ ಮೋಟಾರ್, ಅಂದರೆ ಚಕ್ರದ ಮಧ್ಯದಲ್ಲೇ ಕೂರುವ ಮೋಟಾರ್, ಕರೆಂಟನ್ನು ಶಾಖವಾಗಿ ಜಾಸ್ತಿ ಕಳೆಯುತ್ತದೆ. ನೂರಕ್ಕೆ 65ರಷ್ಟು ಮಾತ್ರ ಕೆಲಸಕ್ಕೆ ಬಂತು ಅಂತ ಇಟ್ಟುಕೊಳ್ಳಿ. ಆಗ ಬ್ಯಾಟರಿ ಕೊಡಬೇಕಾದ್ದು 1,760 ವ್ಯಾಟ್. 51 ವೋಲ್ಟ್ ಬ್ಯಾಟರಿಯಲ್ಲಿ ಅದು 34–35 ಆಂಪಿಯರ್. 40 ಆಂಪಿಯರ್ ಕಂಟ್ರೋಲರ್ ಹಾಕಿದರೆ ಸ್ವಲ್ಪ ಮಿಗುತ್ತದೆ. ಎರಡು ಕಿಲೋವ್ಯಾಟ್ ಅನ್ನುವ ಅಂಕಿ ನನಗೆ ಬಂದದ್ದು ಹೀಗೆ.

ಈಗ ಚಕ್ರ ನೋಡಿ. 26 ಇಂಚಿನ ಸೈಕಲ್ ಚಕ್ರದಲ್ಲಿ ಅದೇ 274 ನ್ಯೂಟನ್ ಬರಬೇಕಾದರೆ ಮೋಟಾರ್ 90 ನ್ಯೂಟನ್ ಮೀಟರ್ ತಿರುಚಬೇಕು. 2.50–16 ಸೈಜಿನ ಮೊಪೆಡ್ ಟೈರ್ ಹಾಕಿದರೆ 73 ಸಾಕು. ಈ ಟೈರ್ ಟಿವಿಎಸ್ ಎಕ್ಸ್‌ಎಲ್‌ನದು. ಮಂಡ್ಯ ಜಿಲ್ಲೆಯಲ್ಲಿ ಎಕ್ಸ್‌ಎಲ್ ಟೈರ್, ಟ್ಯೂಬ್ ಸಿಗದ ಊರಿದೆಯಾ? ಪಂಕ್ಚರ್ ಆದರೂ ಯಾರಾದರೂ ಹಾಕಿಕೊಡುತ್ತಾರೆ. ಚಕ್ರ ಚಿಕ್ಕದಾದಷ್ಟೂ ಮೋಟಾರಿಗೆ ಸುಖ.

72 ವೋಲ್ಟ್ ಯಾಕೆ ಬೇಡ ಅಂತ ಕೇಳಬಹುದು. ನಾನು ಹಾಕಿರುವ ಬ್ಯಾಟರಿ ಪೂರ್ತಿ ತುಂಬಿದಾಗ 58.4 ವೋಲ್ಟ್. ಡಿಸಿಯಲ್ಲಿ 60 ವೋಲ್ಟ್ ಒಳಗಿದ್ದರೆ ಒಣಗಿದ ಕೈಗೆ ಶಾಕ್ ಹೊಡೆಯುವ ಅಪಾಯ ಕಡಿಮೆ. 72 ವೋಲ್ಟ್ ಪ್ಯಾಕ್ ತುಂಬಿದಾಗ 84ಕ್ಕೆ ಹೋಗುತ್ತದೆ. ಕೆಸರು ಕೈಯಲ್ಲಿ ಮುಟ್ಟುವ ಗಾಡಿಗೆ ಅದು ಬೇಡ ಅನ್ನಿಸಿತು.

ಫ್ರೇಮ್

ಮುಂದಿನ ಫೋರ್ಕ್, ಡಿಸ್ಕ್ ಬ್ರೇಕ್ ಮತ್ತು ಚಕ್ರವನ್ನು ಹಳೆಯ 100 ಸಿಸಿ ಬೈಕಿನಿಂದ ತಂದೆ. ಮೈಸೂರಿನ ಗುಜರಿಯಲ್ಲಿ ಬಿಲ್ ಸಮೇತ ಸಿಕ್ಕಿತು. ಇಲ್ಲೊಂದು ಎಚ್ಚರ. ಫೋರ್ಕ್ ಕೂರುವ ಕತ್ತಿನ ಪೈಪನ್ನೂ ಹಳೆ ಬೈಕಿನಿಂದಲೇ ಕತ್ತರಿಸಿಕೊಂಡು ಬರಬೇಡಿ. ಚಾಸಿ ನಂಬರ್ ಸಾಮಾನ್ಯವಾಗಿ ಅಲ್ಲೇ ಕೊರೆದಿರುತ್ತಾರೆ. ಆ ನಂಬರ್ ಇರುವ ತುಂಡು ನಿಮ್ಮ ಗಾಡಿಯಲ್ಲಿದ್ದರೆ ನಾಳೆ ಉತ್ತರ ಕೊಡಬೇಕಾದವರು ನೀವೇ. ಕೋನ್‌ಸೆಟ್ (ಫೋರ್ಕ್ ತಿರುಗುವ ಬೇರಿಂಗ್) ಒಯ್ದು ಲೇತ್‌ನಲ್ಲಿ ಹೊಸ ಪೈಪ್ ತಿರುಗಿಸಿಕೊಳ್ಳಿ. ಯಾದವಗಿರಿಯಲ್ಲಿ 1996ರವರೆಗೆ ಜಾವಾ, ಯೆಜ್ಡಿ ತಯಾರಾದ ಊರು ಮೈಸೂರು. ಹಳೆ ಬೈಕಿಗೆ ಬೇಕಾದದ್ದನ್ನು ಲೇತ್‌ನಲ್ಲೇ ಮಾಡಿಕೊಳ್ಳುವ ಅಭ್ಯಾಸ ಅಲ್ಲಿಯ ಮೆಕ್ಯಾನಿಕ್‌ಗಳಿಗಿದೆ. ಕೋನ್‌ಸೆಟ್ ಕೈಗೆ ಕೊಟ್ಟರೆ ಸಾಕು, ಅಳತೆ ಅವರೇ ತೆಗೆದುಕೊಂಡರು.

ಫ್ರೇಮಿನ ಮಧ್ಯಭಾಗ ಒಂದು ಪೆಟ್ಟಿಗೆ. 2 ಎಂಎಂ ಎಂಎಸ್ (ಮೈಲ್ಡ್ ಸ್ಟೀಲ್) ಶೀಟ್. ಒಳಗಿನ ಅಳತೆ 30 ಸೆಂ.ಮೀ. ಉದ್ದ, 40 ಎತ್ತರ, 9 ಅಗಲ. ಕೆಳಗಡೆ ಸೆಲ್‌ಗಳು, ಮೇಲಿನ ಖಾಲಿ ಜಾಗದಲ್ಲಿ ಬಿಎಂಎಸ್ (ಸೆಲ್‌ಗಳನ್ನು ಕಾಯುವ ಸರ್ಕ್ಯೂಟ್ ಬೋರ್ಡ್) ಮತ್ತು ಫ್ಯೂಸ್. ಪೆಟ್ಟಿಗೆಯೇ ಫ್ರೇಮ್, ಫ್ರೇಮೇ ಪೆಟ್ಟಿಗೆ. ಅಗಲ ಇದಕ್ಕಿಂತ ಜಾಸ್ತಿಯಾದರೆ ಪೆಡಲ್ ತುಳಿಯುವಾಗ ಕಾಲಿಗೆ ತಾಗುತ್ತದೆ. ಪೆಡಲ್ ಇರಲಿ. ಬ್ಯಾಟರಿ ಕೈಕೊಟ್ಟ ದಿನ ತುಳಿದುಕೊಂಡು ಮನೆ ಸೇರಬಹುದು.

ಟ್ರ್ಯಾಕ್ಟರ್ ಟ್ರೇಲರ್ ಕಟ್ಟುವ ನಮ್ಮೂರಿನ ವೆಲ್ಡಿಂಗ್ ಅಣ್ಣ ಶೀಟ್ ಹಿಡಿದು ನೋಡಿ, "ಎರಡ್ ಎಂಎಂ ಸಾಕೇನಪ್ಪ? ಟ್ರೇಲರ್‌ಗೆ ಐದ್ ಹಾಕ್ತೀವಿ ನಾವು" ಅಂದರು. "ಸಾಕಣ್ಣ, ನಾಕೂ ಕಡೆ ಮುಚ್ಚಿದ್ರೆ ತಿರುಚ್ಕೊಳಲ್ಲ" ಅಂದೆ. ಅವರು ಒಪ್ಪಿದರು. ಆದರೆ ಒಂದೇ ಕಡೆಯಿಂದ ಉದ್ದಕ್ಕೆ ವೆಲ್ಡ್ ಎಳೆಯಲು ಬಿಡಲಿಲ್ಲ. ಮೊದಲು ಎಲ್ಲ ಕಡೆ ಚುಕ್ಕೆ ಚುಕ್ಕೆ ಟ್ಯಾಕ್ ಹಾಕಿದರು. ಆಮೇಲೆ ಈ ಕಡೆ ಎರಡು ಇಂಚು, ಆ ಕಡೆ ಎರಡು ಇಂಚು. "ಒಂದೇ ಸಲಕ್ಕೆ ಎಳುದ್ರೆ ಶೀಟು ಎಳ್ಕಂಡ್ಬುಡ್ತದೆ, ಚಕ್ರ ಸೊಟ್ಟಗಾಯ್ತದೆ" ಅಂತ. ಅವರ ಮಾತು ಕೇಳಿದ್ದಕ್ಕೇ ನನ್ನ ಚಕ್ರಗಳು ಇವತ್ತು ಒಂದೇ ಗೆರೆಯಲ್ಲಿವೆ. ಇಷ್ಟು ತೆಳು ಶೀಟಿಗೆ ಮಾಮೂಲಿ ರಾಡ್ ವೆಲ್ಡಿಂಗ್ ಬೇಡ, ತೂತು ಬೀಳುತ್ತದೆ. ಸಿಒಟು ವೆಲ್ಡಿಂಗ್ ಇರುವ ಅಂಗಡಿಗೇ ಹೋಗಿ.

ಕತ್ತಿನ ಪೈಪ್ ನೆಲಕ್ಕೆ 64 ಡಿಗ್ರಿ ಓರೆ ಇರಲಿ. ಎರಡು ಚಕ್ರದ ನಡುವಿನ ಅಂತರ 125 ಸೆಂ.ಮೀ. ಹತ್ತಿರ. ಟ್ಯಾಕ್ ಹಾಕಿದ ಮೇಲೆ, ಪೂರ್ತಿ ವೆಲ್ಡ್ ಮಾಡುವ ಮೊದಲು, ಕತ್ತಿನ ಪೈಪಿನಿಂದ ಹಿಂದಿನ ಆಕ್ಸಲ್ ಜಾಗಕ್ಕೆ ಎರಡೂ ಬದಿಯಲ್ಲಿ ದಾರ ಎಳೆದು ಅಳೆಯಿರಿ. ಎರಡು ಮಿ.ಮೀ. ವ್ಯತ್ಯಾಸ ಕಂಡರೂ ಟ್ಯಾಕ್ ಕತ್ತರಿಸಿ ಸರಿಮಾಡಿ. ಆ ಹಂತದಲ್ಲಿ ಅದು ಐದು ನಿಮಿಷದ ಕೆಲಸ.

ಬ್ರೇಕ್

200 ಕಿಲೋ ಭಾರ ಗಂಟೆಗೆ 35 ಕಿ.ಮೀ. ವೇಗದಲ್ಲಿ ಹೋಗುತ್ತಿದ್ದರೆ ಅದನ್ನು ನಿಲ್ಲಿಸಲು ಬ್ರೇಕ್ ನುಂಗಬೇಕಾದ ಶಕ್ತಿ 9,400 ಜೂಲ್ ಹತ್ತಿರ. ಅರ್ಧ ವೇಗದಲ್ಲಿ ಅದರ ಕಾಲು ಭಾಗ ಮಾತ್ರ. ಸೈಕಲ್ಲಿನ ರಿಮ್ ಬ್ರೇಕ್ ಇದಕ್ಕೆ ಸಾಲದು. ಮುಂದೆ ಬೈಕಿನ ಡಿಸ್ಕ್, ಹಿಂದೆ ಹಬ್ ಮೋಟಾರಿಗೆ ಕೂರುವ 203 ಮಿ.ಮೀ. ಡಿಸ್ಕ್, ಎರಡೂ ಹೈಡ್ರಾಲಿಕ್. ಎರಡೂ ಲಿವರಿನಲ್ಲಿ ಮೋಟಾರ್ ಕಟ್ ಆಗುವ ಸ್ವಿಚ್ ಇರಲೇಬೇಕು. ಬ್ರೇಕ್ ಮುಟ್ಟಿದ ಕೂಡಲೇ ಮೋಟಾರಿಗೆ ಕರೆಂಟ್ ನಿಲ್ಲಬೇಕು. ಮೋಟಾರ್ ಕೂರಿಸುವ ಮೊದಲೇ ಬರೀ ಫ್ರೇಮನ್ನು ಆ ಇಳಿಜಾರಿನಲ್ಲಿ ಬಿಟ್ಟು, ಹೊರೆ ಸಮೇತ ನಿಲ್ಲುತ್ತದಾ ಅಂತ ನಾನು ನೋಡಿದೆ. ನೀವೂ ನೋಡಿ.

ಮೋಟಾರ್, ಚಕ್ರ ಮತ್ತು ಆಕ್ಸಲ್

ಮೋಟಾರ್ 2,000 ವ್ಯಾಟಿನ ಡೈರೆಕ್ಟ್ ಡ್ರೈವ್ (ಒಳಗೆ ಗೇರ್ ಇಲ್ಲದ) ಹಬ್. ಒಳಗಿನ ಮ್ಯಾಗ್ನೆಟ್ ಅಗಲ 40ರಿಂದ 45 ಮಿ.ಮೀ. ಇರುವುದನ್ನು ಕೇಳಿ ತೆಗೆದುಕೊಳ್ಳಿ. ಅದಕ್ಕಿಂತ ಮುಖ್ಯ, ಒಂದು ವೋಲ್ಟಿಗೆ ಎಷ್ಟು ಸುತ್ತು ತಿರುಗುತ್ತದೆ ಅನ್ನುವುದು. ನನ್ನದು ವೋಲ್ಟಿಗೆ 8 ಸುತ್ತು. 51 ವೋಲ್ಟಿನಲ್ಲಿ ನಿಮಿಷಕ್ಕೆ 410 ಸುತ್ತು. ಈ ಟೈರಿನಲ್ಲಿ ಖಾಲಿ ತಿರುಗಿದರೆ ಗಂಟೆಗೆ 41 ಕಿ.ಮೀ., ಆಳು ಕೂತರೆ 35ರ ಹತ್ತಿರ. ಇದರ ಎರಡು ಪಟ್ಟು ಸುತ್ತು ತಿರುಗುವ ಮೋಟಾರೂ ಸಿಗುತ್ತದೆ. ಅದರಲ್ಲಿ ಅದೇ ಎಳೆತಕ್ಕೆ ಎರಡು ಪಟ್ಟು ಕರೆಂಟ್ ಹರಿಸಬೇಕು. ಏರಿಗೆ ಅದು ಬೇಡ.

ಹಬ್ಬಿನ ತೂತು, ರಿಮ್ಮಿನ ತೂತು ಎರಡೂ 36 ಇವೆಯಾ ಅಂತ ಕೊಳ್ಳುವ ಮೊದಲೇ ಎಣಿಸಿ. ಹಬ್ ದಪ್ಪ, ರಿಮ್ ಚಿಕ್ಕದು. ಆದ್ದರಿಂದ ಕಡ್ಡಿಗಳು ಗಿಡ್ಡ. ಅವನ್ನು ಅಳತೆ ಕೊಟ್ಟು ಮಾಡಿಸಬೇಕು, ಒಂದು ಕಡ್ಡಿ ಇನ್ನೊಂದನ್ನು ಒಂದೇ ಸಲ ದಾಟಿದರೆ (ಒಂದೇ ಕ್ರಾಸ್) ಸಾಕು. ಮೊಪೆಡ್ ಚಕ್ರ ಕಟ್ಟಿ, ಬೆಂಡ್ ತೆಗೆಯುವವರ ಹತ್ತಿರ ಕೊಟ್ಟರೆ ಒಂದು ಮಧ್ಯಾಹ್ನದ ಕೆಲಸ.

ಇನ್ನು ಆಕ್ಸಲ್. ನನ್ನ ಮೊದಲ ಬೈಕ್ ಕೆಟ್ಟದ್ದು ಇಲ್ಲೇ. ಹಬ್ ಮೋಟಾರಿನಲ್ಲಿ ಚಕ್ರ ಮುಂದಕ್ಕೆ ತಿರುಗುವಾಗ ಆಕ್ಸಲ್ ಅಷ್ಟೇ ಬಲದಲ್ಲಿ ಹಿಂದಕ್ಕೆ ತಿರುಗಲು ನೋಡುತ್ತದೆ. ಅದನ್ನು ತಡೆಯುವುದು ಆಕ್ಸಲ್ಲಿನ ಎರಡು ಚಪ್ಪಟೆ ಮುಖ, 10 ಮಿ.ಮೀ. ಅಗಲದ ಒಂದು ಕಚ್ಚು, ಅಷ್ಟೇ. ಕೆಲವು ನೂರು ಕಿಲೋ ಒತ್ತಡ ಆ ಮೂಲೆಗಳ ಮೇಲೆ ಬೀಳುತ್ತದೆ. ನಾನು ಹಳೆ ಸೈಕಲ್ ಫ್ರೇಮಿಗೆ ಬರೀ ನಟ್ ಬಿಗಿದು ಹೊರಟಿದ್ದೆ. ಹುಲ್ಲು ಹೇರಿಕೊಂಡು ಏರಿನ ಅರ್ಧಕ್ಕೆ ಬಂದಾಗ ಟಕ್ ಅಂತ ಸದ್ದು. ಆಕ್ಸಲ್ ಕಚ್ಚಿನೊಳಗೇ ತಿರುಗಿತು. ಒಳಗಿನಿಂದ ಬರುವ ವೈರ್‌ಗಳು ಹಗ್ಗ ಹೊಸೆದಂತೆ ಹೊಸೆದುಕೊಂಡವು. ಮೋಟಾರಿಗೆ ಕರೆಂಟ್ ಒಯ್ಯುವ ಮೂರೂ ಫೇಸ್ ವೈರ್ ಸುಲಿದು ಒಂದಕ್ಕೊಂದು ತಾಗಿದವು, ಚಕ್ರ ಹಿಡಿದುಕೊಂಡಿತು, ಕಂಟ್ರೋಲರ್ ಸುಟ್ಟಿತು. ಹೊರೆ ಸಮೇತ ಬಿದ್ದೆ. ಅಪ್ಪ ಹಿಂದೆಯೇ ನಡೆದು ಬರುತ್ತಿದ್ದರು. ಅವರ ಮೇಲೆ ಬೀಳದಿದ್ದದ್ದು ಪುಣ್ಯ.

ಈಗ ಎರಡೂ ಬದಿಗೆ 10 ಎಂಎಂ ದಪ್ಪದ ಎಂಎಸ್ ಪ್ಲೇಟ್ ವೆಲ್ಡ್ ಮಾಡಿಸಿದ್ದೇನೆ. ಕಚ್ಚನ್ನು ಗ್ಯಾಸ್ ಕಟರ್‌ನಲ್ಲಿ ಪೂರ್ತಿ ಕತ್ತರಿಸಲಿಲ್ಲ. ಸ್ವಲ್ಪ ಚಿಕ್ಕದಾಗಿ ಕತ್ತರಿಸಿ, ಉಳಿದದ್ದನ್ನು ಅರದಿಂದ ಉಜ್ಜಿದೆ. ಆಕ್ಸಲ್ ಕೈಯಲ್ಲಿ ಒತ್ತಿದರೆ ಒಳಗೆ ಹೋಗಬಾರದು. ಮರದ ಸುತ್ತಿಗೆಯಲ್ಲಿ ತಟ್ಟಿದರೆ ಹೋಗಬೇಕು. ಅಷ್ಟು ಬಿಗಿ ಇರಬೇಕು. ಅದರ ಮೇಲೆ ಬೋಲ್ಟ್ ಬಿಗಿದು ಆಕ್ಸಲ್ಲನ್ನು ಕಚ್ಚಿ ಹಿಡಿಯುವ ಟಾರ್ಕ್ ಆರ್ಮ್, ಎರಡೂ ಕಡೆ. ವೈರ್ ಹೊರಬರುವ ಬಾಯಿ ಕೆಳಮುಖವಾಗಿರಲಿ, ಮಳೆ ನೀರು ವೈರ್ ಹಿಡಿದು ಒಳಗೆ ಇಳಿಯುವುದಿಲ್ಲ.

ಬ್ಯಾಟರಿ

ಇಲ್ಲಿ ನಿಧಾನಿಸಿ. ನನ್ನ ಒಟ್ಟು ಖರ್ಚಿನಲ್ಲಿ ಹತ್ತಿರ ಅರ್ಧ ಇಲ್ಲೇ ಹೋಯಿತು. ಅಪಾಯದಲ್ಲಿ ಅರ್ಧಕ್ಕಿಂತ ಜಾಸ್ತಿಯೂ ಇಲ್ಲೇ ಇದೆ. 2022ರಲ್ಲಿ ದೇಶದಲ್ಲಿ ಎಲೆಕ್ಟ್ರಿಕ್ ಸ್ಕೂಟರ್‌ಗಳಿಗೆ ಬೆಂಕಿ ಹತ್ತಿದ್ದು ನೆನಪಿದೆಯಲ್ವಾ? ಅದಾದ ಮೇಲೆ ಸರ್ಕಾರ ಎಐಎಸ್ 156 ಅನ್ನುವ ಬ್ಯಾಟರಿ ಪರೀಕ್ಷೆಗಳನ್ನು ಬಿಗಿ ಮಾಡಿತು. ನಾವು ಕಟ್ಟುವ ಪ್ಯಾಕಿಗೆ ಅಂಥ ಪರೀಕ್ಷೆ ಮಾಡುವವರು ಯಾರೂ ಇಲ್ಲ. ಸ್ಪಾಟ್‌ವೆಲ್ಡಿಂಗ್ (ಸೆಲ್ಲಿಗೆ ಲೋಹದ ಪಟ್ಟಿಯನ್ನು ಚುಕ್ಕೆ ಚುಕ್ಕೆಯಾಗಿ ಬೆಸೆಯುವುದು) ಅಭ್ಯಾಸ ಇಲ್ಲದವರು ಬ್ಯಾಟರಿ ಕಟ್ಟುವವರ ಹತ್ತಿರ ಪ್ಯಾಕ್ ಮಾಡಿಸಿಕೊಳ್ಳಿ. ಆಗಲೂ ಮುಂದಿನದನ್ನು ಓದಿ, ಏನು ಕೇಳಬೇಕು ಅಂತ ಗೊತ್ತಾಗುತ್ತದೆ.

ಎಲ್‌ಎಫ್‌ಪಿ (ಲಿಥಿಯಂ ಐರನ್ ಫಾಸ್ಫೇಟ್) ಸೆಲ್ಲನ್ನೇ ಆರಿಸಿ. ಇನ್ನೊಂದು ಬಗೆಯ ಲಿಥಿಯಂ ಸೆಲ್ ಆದ ಎನ್‌ಎಂಸಿಗಿಂತ ತೂಕ ಜಾಸ್ತಿ, ಜಾಗ ಜಾಸ್ತಿ. ಆದರೆ ಬಿಸಿಗೆ ತಡೆದುಕೊಳ್ಳುವುದರಲ್ಲಿ ಅದಕ್ಕಿಂತ ಮೇಲು, ಬಾಳಿಕೆಯೂ ಜಾಸ್ತಿ. ನಾನು ಹಾಕಿದ್ದು 32700 ಅಳತೆಯ 6 ಆಂಪಿಯರ್ ಅವರ್ ಸೆಲ್. 32 ಮಿ.ಮೀ. ದಪ್ಪ, 70 ಎತ್ತರ. ನಾಲ್ಕು ಪ್ಯಾರಲಲ್ (ಪ್ಲಸ್ಸಿಗೆ ಪ್ಲಸ್, ಮೈನಸ್ಸಿಗೆ ಮೈನಸ್), ಅಂಥ 16 ಗುಂಪು ಸೀರೀಸ್ (ಒಂದರ ಪ್ಲಸ್ ಮುಂದಿನದರ ಮೈನಸ್ಸಿಗೆ). ಒಟ್ಟು 64 ಸೆಲ್, 51.2 ವೋಲ್ಟ್, 24 ಆಂಪಿಯರ್ ಅವರ್, ಸುಮಾರು 1,230 ವ್ಯಾಟ್ ಅವರ್. ನಾನೂರು ಮೀಟರ್ ದಾರಿಗೆ ಇಷ್ಟು ದೊಡ್ಡದು ಯಾಕೆ ಅನ್ನಿಸಬಹುದು. ದೂರಕ್ಕಾಗಿ ಅಲ್ಲ, ಕರೆಂಟಿಗಾಗಿ. 40 ಆಂಪಿಯರ್ ಎಳೆದಾಗ ಒಂದು ಸೆಲ್ಲಿನ ಪಾಲಿಗೆ 10 ಬರುತ್ತದೆ. ಸೆಲ್ ಬಿಸಿಯಾಗದೆ ಕೊಡುತ್ತದೆ.

ಸೆಲ್ ಕೊಳ್ಳುವಾಗ ಮೋಸ ಹೋಗಬೇಡಿ. ನನಗೆ ಮೊದಲ ಸಲ ಹೊಸದು ಅಂತ ಕೊಟ್ಟ ಸೆಲ್‌ಗಳ ಪ್ಲಾಸ್ಟಿಕ್ ಹೊದಿಕೆಯನ್ನು ಬ್ಲೇಡಿನಿಂದ ಸುಲಿದು ನೋಡಿದೆ. ಮೈನಸ್ ತುದಿಯಲ್ಲಿ ಹಳೆ ಸ್ಪಾಟ್‌ವೆಲ್ಡಿನ ಚುಕ್ಕೆಗಳನ್ನು ಉಜ್ಜಿದ ಗುರುತು ಸ್ಪಷ್ಟವಾಗಿತ್ತು. ಯಾವುದೋ ಹಳೆ ಪ್ಯಾಕ್ ಬಿಚ್ಚಿ, ಹೊಸ ಅಂಗಿ ತೊಡಿಸಿದ್ದರು. ಒಂದೊಂದು ಸೆಲ್ಲನ್ನೂ ತೂಗಿ, 140ರಿಂದ 150 ಗ್ರಾಂ ಇರಬೇಕು. ವೋಲ್ಟೇಜ್ ಬರೆದಿಟ್ಟು ಹತ್ತು ದಿನ ಬಿಟ್ಟು ಮತ್ತೆ ಅಳೆಯಿರಿ. ಉಳಿದವಕ್ಕಿಂತ ಜಾಸ್ತಿ ಇಳಿದದ್ದನ್ನು ಪಕ್ಕಕ್ಕಿಡಿ. ಒಳಗಿನ ಪ್ರತಿರೋಧ ತೋರಿಸುವ ಮೀಟರ್ ಸಿಕ್ಕರೆ ಅದರಲ್ಲೂ ನೋಡಿ. 64 ಬೇಕಿದ್ದರೆ 70 ತಂದುಕೊಳ್ಳಿ.

ಕೆಲಸಕ್ಕೆ ಕೂರುವ ಮೊದಲು ಉಂಗುರ, ಗಡಿಯಾರ, ಕತ್ತಿನ ಸರ ತೆಗೆದಿಡಿ. ಸ್ಪ್ಯಾನರಿನ ಹಿಡಿಗೆ ಟೇಪ್ ಸುತ್ತಿ. ಕನ್ನಡಕ ಹಾಕಿಕೊಳ್ಳಿ. ಒಳಮನೆ ಬೇಡ, ಜಗಲಿಯಲ್ಲಿ ಕೂತುಕೊಳ್ಳಿ. ಪಕ್ಕದಲ್ಲಿ ಒಂದು ಬಕೆಟ್ ಮರಳು, ಪಂಪಿನ ನೀರು ಬರುವ ಪೈಪ್. ಲಿಥಿಯಂ ಪ್ಯಾಕಿಗೆ ಬೆಂಕಿ ಬಿದ್ದರೆ ತಣ್ಣಗೆ ಮಾಡುವುದು ಬಹಳಷ್ಟು ನೀರು ಮಾತ್ರ. ಹೊಗೆ ಉಸಿರಿಗೆ ಹೋಗಬಾರದು, ದೂರ ಸರಿಯಿರಿ.

ಸೆಲ್‌ಗಳನ್ನು ಹೋಲ್ಡರ್‌ನಲ್ಲಿ ಎಂಟು ಸಾಲು, ಸಾಲಿಗೆ ಎಂಟು ಜೋಡಿಸಿದರೆ 27 ಸೆಂ.ಮೀ. ಚೌಕ ಆಗುತ್ತದೆ. ಪ್ರತಿ ಸೆಲ್ಲಿನ ಪ್ಲಸ್ ತುದಿಗೆ ಬಾರ್ಲಿ ಪೇಪರಿನ (ಕರೆಂಟ್ ಹರಿಯದ ಕಾಗದ) ಉಂಗುರ ಅಂಟಿಸಿ. ಮೊದಲು ಕಾಗದದ ಮೇಲೆ 64 ಸೊನ್ನೆ ಬರೆದು ಪ್ಲಸ್, ಮೈನಸ್ ಗುರುತು ಹಾಕಿಕೊಳ್ಳಿ. ಮೇಲಿನ ಅರ್ಧದಲ್ಲಿ ಎಂಟು ಗುಂಪು ಎಡದಿಂದ ಬಲಕ್ಕೆ ಹೋಗುತ್ತವೆ, ಕೆಳಗಿನ ಅರ್ಧದಲ್ಲಿ ಉಳಿದ ಎಂಟು ಬಲದಿಂದ ಎಡಕ್ಕೆ ವಾಪಸ್ ಬರುತ್ತವೆ. ಇದರಿಂದ ಒಂದು ಸಂಗತಿ ಆಗುತ್ತದೆ. ಮೊದಲನೇ ಗುಂಪು ಮತ್ತು ಹದಿನಾರನೇ ಗುಂಪು ಎಡತುದಿಯಲ್ಲಿ ಅಕ್ಕಪಕ್ಕ ಬರುತ್ತವೆ. ಅವುಗಳ ಮಧ್ಯೆ ಪೂರ್ತಿ 51 ವೋಲ್ಟ್. ಬೇರೆಲ್ಲಕ್ಕಿಂತ ದೊಡ್ಡ ಅಪಾಯ ಆ ಒಂದು ಸಂದಿಯಲ್ಲಿದೆ. ಮೇಲಿನ, ಕೆಳಗಿನ ಅರ್ಧದ ನಡುವೆ ಉದ್ದಕ್ಕೂ ಗ್ಲಾಸ್ ಎಪಾಕ್ಸಿ ಶೀಟಿನ ಒಂದು ಪಟ್ಟಿ ನಿಲ್ಲಿಸಿ.

ಸೆಲ್‌ಗಳನ್ನು ಒಂದಕ್ಕೊಂದು ಸೇರಿಸುವ ನಿಕ್ಕಲ್ ಪಟ್ಟಿ ಶುದ್ಧ ನಿಕ್ಕಲ್ಲೇ ಆಗಬೇಕು. ಮಾರುಕಟ್ಟೆಯಲ್ಲಿ ನಿಕ್ಕಲ್ ಲೇಪನದ ಕಬ್ಬಿಣವೂ ಅದೇ ಹೆಸರಲ್ಲಿ ಸಿಗುತ್ತದೆ. ಒಂದು ತುಂಡನ್ನು ಅರದಿಂದ ಗೀಚಿ ಉಪ್ಪು ನೀರಲ್ಲಿ ರಾತ್ರಿಯೆಲ್ಲ ಬಿಡಿ. ಬೆಳಿಗ್ಗೆ ತುಕ್ಕು ಕಂಡರೆ ಅದು ಕಬ್ಬಿಣ. 0.2 ಮಿ.ಮೀ. ದಪ್ಪ, 8 ಅಗಲದ ಪಟ್ಟಿಯನ್ನು ಸೀರೀಸ್ ಕಡೆ ಎರಡು ಪದರ ಹಾಕಿ. ಸ್ಪಾಟ್‌ವೆಲ್ಡ್ ಸರಿ ಹಿಡಿದಿದೆಯಾ ಅಂತ ನೋಡಲು ಹಾಳಾದ ಸೆಲ್ಲಿನ ಮೇಲೆ ಒಂದು ಹಾಕಿ ಕಟಿಂಗ್ ಪ್ಲೇಯರ್‌ನಿಂದ ಎಳೆಯಿರಿ. ಪಟ್ಟಿ ಹರಿದು, ವೆಲ್ಡ್ ಆದ ಚುಕ್ಕೆ ಸೆಲ್ಲಿನ ಮೇಲೇ ಉಳಿಯಬೇಕು. ಪಟ್ಟಿ ಪೂರ್ತಿ ಎದ್ದು ಬಂದರೆ ವೆಲ್ಡ್ ಸಾಲದು. ಸೆಲ್ಲಿನ ಮೇಲೆ ನೇರವಾಗಿ ಸೋಲ್ಡರ್ ಮಾಡಬೇಡಿ, ಶಾಖ ಒಳಗೆ ಇಳಿಯುತ್ತದೆ.

ಬಿಎಂಎಸ್ 16 ಸೀರೀಸ್, ಎಲ್‌ಎಫ್‌ಪಿಗೆ ಅಂತಲೇ ಮಾಡಿದ್ದು, 60 ಆಂಪಿಯರ್, ತಾಪಮಾನದ ಸೆನ್ಸರ್ ಇರುವಂಥದ್ದು. ಅದಕ್ಕೆ 17 ಸಣ್ಣ ವೈರ್ ಬರುತ್ತವೆ. ಅವುಗಳ ಪ್ಲಗ್ಗನ್ನು ಬಿಎಂಎಸ್‌ಗೆ ಚುಚ್ಚುವ ಮೊದಲು ಮಲ್ಟಿಮೀಟರಿನ ಕಪ್ಪು ಕಡ್ಡಿ ಮೊದಲ ಪಿನ್ನಿಗೆ ಹಿಡಿದು, ಕೆಂಪು ಕಡ್ಡಿಯನ್ನು ಒಂದೊಂದಾಗಿ ಮುಂದಕ್ಕೆ ಸರಿಸಿ. 3.3, 6.6, 9.9 ಹೀಗೆ ಮೆಟ್ಟಿಲು ಹತ್ತಿದಂತೆ ಏರಬೇಕು. ಒಂದು ಮೆಟ್ಟಿಲು ತಪ್ಪಿದರೂ ನಿಲ್ಲಿಸಿ, ವೈರ್ ಅದಲುಬದಲಾಗಿದೆ. ದಪ್ಪ ಮೈನಸ್ ವೈರ್ ಮೊದಲು ಸೇರಿಸಿ, ಪ್ಲಗ್ ಆಮೇಲೆ.

ಫ್ಯೂಸ್ ಬಗ್ಗೆ ಒಂದು ಮಾತು. ಕಾರಿನ ಬ್ಲೇಡ್ ಫ್ಯೂಸ್ ಎಲ್ಲ ಕಡೆ ಸಿಗುತ್ತದೆ, ಅಗ್ಗ. ಆದರೆ ಅದು ಸಾಮಾನ್ಯವಾಗಿ 32 ವೋಲ್ಟಿಗೆ ಮಾಡಿದ್ದು. 58 ವೋಲ್ಟ್ ಡಿಸಿಯಲ್ಲಿ ಅದು ಸುಟ್ಟರೂ ಒಳಗೆ ಕಿಡಿ ಹರಿಯುತ್ತಲೇ ಇರಬಹುದು. 80 ವೋಲ್ಟ್ ಅಥವಾ ಅದಕ್ಕಿಂತ ಮೇಲಿನ ಡಿಸಿ ರೇಟಿಂಗ್ ಇರುವ 60 ಆಂಪಿಯರ್ ಫ್ಯೂಸ್ ತನ್ನಿ. ಪ್ಯಾಕಿನ ಪ್ಲಸ್ ತುದಿಗೆ ಎಷ್ಟು ಹತ್ತಿರವೋ ಅಷ್ಟು ಹತ್ತಿರ ಹಾಕಿ. ಮೇನ್ ಸ್ವಿಚ್ಚಿಗೆ ಮನೆಯ ಎಂಸಿಬಿ ಬೇಡ. ಸೋಲಾರ್ ಅಂಗಡಿಯಲ್ಲಿ ಸಿಗುವ 63 ಆಂಪಿಯರ್ ಡಿಸಿ ಎಂಸಿಬಿ ಸರಿ. ಅದರ ಮೇಲೆ ಪ್ಲಸ್, ಮೈನಸ್ ಗುರುತು ಇದ್ದರೆ ಹಾಗೇ ಸೇರಿಸಬೇಕು.

ವೈರಿಂಗ್ ಮತ್ತು ಕಂಟ್ರೋಲರ್

ಬ್ಯಾಟರಿಯಿಂದ ಕಂಟ್ರೋಲರ್‌ಗೆ 8 ಗೇಜ್ ಸಿಲಿಕಾನ್ ವೈರ್. ತುದಿಗೆ ಪಂಪ್‌ಸೆಟ್ ಸ್ಟಾರ್ಟರ್‌ಗೆ ಹಾಕುವಂಥ ತಾಮ್ರದ ಲಗ್, ಕ್ರಿಂಪ್ ಮಾಡಿ ಬೋಲ್ಟ್ ಬಿಗಿಯಿರಿ. ವೈರ್ ಹೊಸೆದು ಟೇಪ್ ಸುತ್ತಿದ ಜಾಯಿಂಟ್ 40 ಆಂಪಿಯರಿಗೆ ನಿಲ್ಲುವುದಿಲ್ಲ. ಕಂಟ್ರೋಲರನ್ನು ಬ್ಯಾಟರಿ ಪೆಟ್ಟಿಗೆಯೊಳಗೆ ಇಡಬೇಡಿ. ಸೀಟಿನ ಕೆಳಗೆ, ಗಾಳಿ ಆಡುವ ಕಡೆ ಕೂರಿಸಿ. ಪೆಟ್ಟಿಗೆಯಿಂದ ವೈರ್ ಹೊರಬರುವ ಕಡೆ ಕೇಬಲ್ ಗ್ಲ್ಯಾಂಡ್ ಹಾಕಿ.

ಮೋಟಾರಿನಿಂದ ಮೂರು ದಪ್ಪ ಫೇಸ್ ವೈರ್, ಐದು ಸಣ್ಣ ಹಾಲ್ ಸೆನ್ಸರ್ ವೈರ್ (ಮೋಟಾರ್ ಎಲ್ಲಿಗೆ ತಿರುಗಿದೆ ಅಂತ ಕಂಟ್ರೋಲರ್‌ಗೆ ಹೇಳುವವು) ಬರುತ್ತವೆ. ಬಣ್ಣಕ್ಕೆ ಬಣ್ಣ ಸೇರಿಸಿದರೂ ಕೆಲವೊಮ್ಮೆ ಮೋಟಾರ್ ನಡುಗುತ್ತದೆ, ಇಲ್ಲವೇ ಹಿಂದಕ್ಕೆ ತಿರುಗುತ್ತದೆ. ಈಗಿನ ಬಹಳಷ್ಟು ಕಂಟ್ರೋಲರ್‌ಗಳಲ್ಲಿ ಸೆಲ್ಫ್ ಲರ್ನ್ ಅನ್ನುವ ಒಂದು ಜೋಡಿ ವೈರ್ ಇರುತ್ತದೆ. ಚಕ್ರ ಎತ್ತಿ ನಿಲ್ಲಿಸಿ ಅದನ್ನು ಸೇರಿಸಿದರೆ ಕಂಟ್ರೋಲರೇ ತಿರುಗಿಸಿ ನೋಡಿ ಸರಿ ಮಾಡಿಕೊಳ್ಳುತ್ತದೆ. ಆಮೇಲೆ ಬಿಚ್ಚಿಬಿಡಿ.

ಥ್ರಾಟಲ್‌ನಲ್ಲಿ (ಆಕ್ಸಿಲರೇಟರ್ ಹಿಡಿ) ಮೂರು ವೈರ್. ಬಿಟ್ಟಾಗ ಸಿಗ್ನಲ್ ಸುಮಾರು 0.8 ವೋಲ್ಟ್, ಪೂರ್ತಿ ತಿರುಗಿಸಿದರೆ 4ರ ಹತ್ತಿರ. ಕಪ್ಪು (ಮೈನಸ್) ವೈರ್ ಎಲ್ಲಾದರೂ ಕಿತ್ತರೆ ಸಿಗ್ನಲ್ ತಾನಾಗಿ ಮೇಲಕ್ಕೆ ಹೋಗುತ್ತದೆ. ಅಂದರೆ ನೀವು ಮುಟ್ಟದೆಯೇ ಪೂರ್ತಿ ಥ್ರಾಟಲ್. ಒಳ್ಳೆಯ ಕಂಟ್ರೋಲರ್ ಇದನ್ನು ಗುರುತಿಸಿ ಮೋಟಾರ್ ನಿಲ್ಲಿಸುತ್ತದೆ. ನಿಮ್ಮದು ನಿಲ್ಲಿಸುತ್ತದಾ? ಚಕ್ರ ಎತ್ತಿಟ್ಟು, ಕಪ್ಪು ವೈರ್ ಬಿಚ್ಚಿ, ನೋಡಿಯೇಬಿಡಿ. ನಿಲ್ಲಿಸದಿದ್ದರೆ ಆ ಕಂಟ್ರೋಲರ್ ಬೇಡ. ಎಡಗೈ ಹೆಬ್ಬೆರಳಿಗೆ ಸಿಗುವಂತೆ ಒಂದು ಕಿಲ್ ಸ್ವಿಚ್ ಹೇಗೂ ಇರಲಿ.

ಮೊದಲ ಸಲ ಕರೆಂಟ್ ಕೊಡುವುದು

ನಮ್ಮ ಎಲೆಕ್ಟ್ರಿಷಿಯನ್‌ಗಳ ಸೀರೀಸ್ ಬಲ್ಬ್ ಗೊತ್ತಲ್ಲ? ಅದೇ ಇಲ್ಲೂ ಕೆಲಸಕ್ಕೆ ಬರುತ್ತದೆ. ಬ್ಯಾಟರಿಯ ಪ್ಲಸ್ ಮತ್ತು ಕಂಟ್ರೋಲರ್ ಮಧ್ಯೆ ಹಳೆ ಕಾಲದ 100 ವ್ಯಾಟ್ ಬಲ್ಬ್ ಹಾಕಿ. ಎಲ್‌ಇಡಿ ಬಲ್ಬ್ ಬೇಡ. ಎಂಸಿಬಿ ಏರಿಸಿ. ಬಲ್ಬಿನ ತಂತಿ ಒಂದು ಕ್ಷಣ ಕೆಂಪಗಾಗಿ ಆರಿದರೆ ಕಂಟ್ರೋಲರಿನ ಕೆಪ್ಯಾಸಿಟರ್ ತುಂಬಿತು ಅಂತ, ಎಲ್ಲ ಸರಿ. ಮಂದವಾಗಿ ಉರಿಯುತ್ತಲೇ ಇದ್ದರೆ ಎಲ್ಲೋ ಶಾರ್ಟ್ ಇದೆ. ಬಲ್ಬ್ ಇಲ್ಲದೆ ಸೇರಿಸಿದ್ದರೆ ಅದೇ ಶಾರ್ಟಿನಲ್ಲಿ ಫ್ಯೂಸ್, ಕಂಟ್ರೋಲರ್ ಎರಡೂ ಹೋಗಬಹುದಿತ್ತು. ನೇರ ಸೇರಿಸಿದರೆ ಬರುವ ದೊಡ್ಡ ಕಿಡಿಯನ್ನು ತಪ್ಪಿಸಲು, ದಿನದ ಬಳಕೆಗೆ 100 ಓಮ್, 10 ವ್ಯಾಟಿನ ರೆಸಿಸ್ಟರ್ ಮತ್ತು ಒಂದು ಪುಶ್ ಬಟನ್ ಎಂಸಿಬಿಯ ಎರಡು ತುದಿಗೆ ಸೇರಿಸಿದ್ದೇನೆ. ಎರಡು ಸೆಕೆಂಡ್ ಬಟನ್ ಒತ್ತಿ, ಆಮೇಲೆ ಎಂಸಿಬಿ ಏರಿಸುವುದು.

ಚಾರ್ಜರ್ 58.4 ವೋಲ್ಟ್, 10 ಆಂಪಿಯರ್. ಖಾಲಿಯಿಂದ ತುಂಬಲು ಎರಡೂವರೆ ಗಂಟೆ, ಒಂದೂವರೆ ಯೂನಿಟ್ ಒಳಗೆ. ಮಾಮೂಲಿ ಪ್ಲಗ್ ಸಾಕು. ಓಡಿಸಿ ಬಂದ ಕೂಡಲೇ ಹಾಕಬೇಡಿ, ಅರ್ಧ ಗಂಟೆ ಆರಲಿ. ಕಬ್ಬಿನ ಒಣ ತರಗು, ಹುಲ್ಲಿನ ಮೆದೆ ಹತ್ತಿರ ಬೇಡ. ಮಲಗಿದ ಮೇಲೆ ಚಾರ್ಜಿಗೆ ಹಾಕಿಡುವುದಂತೂ ಬೇಡವೇ ಬೇಡ. ಎಲ್‌ಎಫ್‌ಪಿಯಲ್ಲಿ ವೋಲ್ಟೇಜ್ ನೋಡಿ ಎಷ್ಟು ಉಳಿದಿದೆ ಅಂತ ಹೇಳಲಾಗುವುದಿಲ್ಲ. ಮುಕ್ಕಾಲು ಭಾಗ ಒಂದೇ ಸಮ 3.2–3.3ರಲ್ಲಿ ನಿಂತು, ಕೊನೆಗೆ ದಬ್ ಅಂತ ಇಳಿಯುತ್ತದೆ. ಹರಿದ ಆಂಪಿಯರ್ ಲೆಕ್ಕ ಇಡುವ ಶಂಟ್ ಮೀಟರ್ ಹಾಕಿ. ಕಂಟ್ರೋಲರಿನ ಲೋ ಕಟ್ (ಬ್ಯಾಟರಿ ಇಳಿದಾಗ ಮೋಟಾರ್ ನಿಲ್ಲಿಸುವ ಮಿತಿ) 46 ವೋಲ್ಟಿಗೆ ಇಡಿ.

ಓಡಿಸಿ ನೋಡುವುದು

ಮೊದಲ ದಿನ ಹೊರೆ ಬೇಡ. ಹೆಲ್ಮೆಟ್ ಹಾಕಿ, ಸಮತಟ್ಟು ಜಾಗದಲ್ಲಿ, ಕಂಟ್ರೋಲರನ್ನು 15 ಆಂಪಿಯರಿಗೆ ಇಳಿಸಿ ಓಡಿಸಿ. ಹತ್ತು ನಿಮಿಷಕ್ಕೊಮ್ಮೆ ನಿಲ್ಲಿಸಿ, ಎಂಸಿಬಿ ಇಳಿಸಿ, ಪ್ರತಿ ಜಾಯಿಂಟನ್ನೂ ಕೈಯಿಂದ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಪರವಾಗಿಲ್ಲ. ಕೈ ಇಡಲಾಗದಷ್ಟು ಬಿಸಿ ಇದ್ದರೆ ಆ ಲಗ್ ಮತ್ತೆ ಮಾಡಬೇಕು. ಆಮೇಲೆ 25, ಕೊನೆಗೆ 40. ಮೋಟಾರಿನೊಳಗೆ ತಾಪಮಾನದ ಸೆನ್ಸರ್ ಇದ್ದರೆ 110 ಡಿಗ್ರಿ ದಾಟಲು ಬಿಡಬೇಡಿ. ಕೆಸರಲ್ಲಿ ಚಕ್ರ ಹೂತು ನಿಂತಾಗ ಥ್ರಾಟಲ್ ತಿರುಗಿಸುತ್ತಲೇ ಇರುವುದು ಮೋಟಾರ್ ಸುಡುವ ಹತ್ತಿರದ ದಾರಿ. ಬಿಟ್ಟು, ಇಳಿದು, ತಳ್ಳಿ.

ಆಕ್ಸಲ್ ನಟ್ಟಿನ ಮೇಲೆ ಬಣ್ಣದಲ್ಲಿ ಒಂದು ಗೆರೆ ಎಳೆಯಿರಿ, ನಟ್ಟಿನಿಂದ ಪ್ಲೇಟಿನವರೆಗೆ. ಗೆರೆ ಮುರಿದಿದ್ದರೆ ನಟ್ ಸಡಿಲವಾಗಿದೆ. ಮೊದಲ ಹತ್ತು ಕಿಲೋಮೀಟರಿಗೆ ಒಮ್ಮೆ, ಐವತ್ತಕ್ಕೆ ಒಮ್ಮೆ ಬಿಗಿ ಮಾಡಿ. ಕಡ್ಡಿಗಳೂ ಅಷ್ಟೇ, ಹೊಸ ಚಕ್ರದಲ್ಲಿ ಸಡಿಲವಾಗುತ್ತವೆ. ತಿಂಗಳಿಗೊಮ್ಮೆ ಪೂರ್ತಿ ಚಾರ್ಜ್ ಮಾಡಿ, ಒಂದೆರಡು ಗಂಟೆ ಬಿಟ್ಟು, 16 ಗುಂಪುಗಳ ವೋಲ್ಟೇಜ್ ಬರೆದಿಡಿ. ಒಂದೇ ಗುಂಪು ತಿಂಗಳಿಂದ ತಿಂಗಳಿಗೆ ಹಿಂದೆ ಬೀಳುತ್ತಿದ್ದರೆ ಅದರಲ್ಲಿ ಒಂದು ಸೆಲ್ ಸೊರಗುತ್ತಿದೆ ಅಂತ ಅರ್ಥ. ಬೈಕ್ ತೊಳೆಯುವಾಗ ಸರ್ವಿಸ್ ಸ್ಟೇಷನ್ನಿನ ಪ್ರೆಷರ್ ಪಂಪ್ ಬೇಡ. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸಾಕು.

ಕಂಟ್ರೋಲರಿನಲ್ಲಿ ಮೂರು ಸ್ಪೀಡಿನ ಸ್ವಿಚ್ ಇದೆ. ಅಪ್ಪ ಓಡಿಸುವಾಗ ಒಂದನೇ ಸ್ಪೀಡಿನಲ್ಲೇ ಇಡುತ್ತೇನೆ, ಗಂಟೆಗೆ 15 ಕಿಲೋಮೀಟರ್. ಹುಲ್ಲಿನ ಹೊರೆ ಹೇರಿಕೊಂಡು ಆ ಏರು ಹತ್ತಲು ಅವರಿಗೆ ಅಷ್ಟು ಸಾಕಾಗುತ್ತದೆ.